ಮೊದಲು ಹತ್ತಿದ ಒಲೆ

ಅಂಬಾದಾಸನ ಪಿಕಪ್‌ಗೆ ಹತ್ತೊಂಬತ್ತು ವರ್ಷ. ಮೂರನೇ ಗೇರು ಬೀಳಬೇಕಾದರೆ ಹಿಡಿಯನ್ನು ಮೊಣಕಾಲಿನ ಕಡೆ ಎಳೆದು, ಒಂದು ಉಸಿರು ತಡೆದು, ಆಮೇಲೆ ನೂಕಬೇಕು. ಹಾರ್ನು ಸ್ಟೇರಿಂಗ್ ಎಡಕ್ಕೆ ತಿರುಗಿದಾಗ ಮಾತ್ರ ಕೂಗುತ್ತದೆ. ಬೇರೆಯವರು ಕೂತರೆ ಗಲ್ಲಿಯನ್ನೂ ದಾಟದ ಗಾಡಿ ಅವನು ಕೂತರೆ ಬೆಕ್ಕಿನ ಹಾಗೆ ಗುರುಗುಟ್ಟುತ್ತ ಹೊರಡುತ್ತದೆ. ಬೀದರ ಕಡೆಯಿಂದ ಬಂದು ಹೈದರಾಬಾದಿನಲ್ಲಿ ಇಷ್ಟು ವರ್ಷ ದುಡಿದವನಿಗೆ ಪೂರ್ತಿ ತನ್ನದು ಅನ್ನುವಂಥದ್ದು ಇದೊಂದೇ. ಮುಂಜಾನೆ ಖಾಲಿ ರಸ್ತೆಯಲ್ಲಿ ಅದನ್ನು ಓಡಿಸುವಾಗ ಅವನಿಗೆ ಯಾವ ನವಾಬನೂ ಲೆಕ್ಕಕ್ಕಿಲ್ಲ.

ಆದರೆ ಈ ಶುಕ್ರವಾರ ಆ ಖುಷಿ ಎಲ್ಲಿ ಬರಬೇಕು? ಕೂಕಟ್‌ಪಲ್ಲಿಯಲ್ಲಿ, ಮೆಟ್ರೋ ಕಂಬಗಳ ಕೆಳಗೆ, ಮುಂದೊಂದು ಬಸ್ಸು ಹಿಂದೊಂದು ಬಸ್ಸು, ನಡುವೆ ಒಂದು ಸಂಸಾರದ ಸಾಮಾನು ಹೊತ್ತ ಅವನ ಗಾಡಿ. ಪಕ್ಕದ ಸೀಟಿನಲ್ಲಿ ಶಿವಾನಂದ ಗಡಿಯಾರ ನೋಡುವುದನ್ನು ಬಿಟ್ಟಿರಲಿಲ್ಲ.

"ಒಂಬತ್ತೂವರಿ ಆತೋ ಅಂಬಾದಾಸ. ಹತ್ತೂವರಿಗೆ ರಾಹುಕಾಲ ಹಿಡೀತೈತಿ."

"ಗೊತ್ತದರೀ ಸಾಹೇಬ್ರ. ರಾಹುಗ ಟ್ರಾಫಿಕ್ ಇಲ್ಲ, ನಮಗ ಅದ."

ಶಿವಾನಂದ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಈಗ ಮಿಯಾಪುರದಲ್ಲಿ ಸ್ವಂತ ಫ್ಲ್ಯಾಟು. ಅದರ ಕೀಲಿ ಕೈಗೆ ಬಂದದ್ದು ನಿನ್ನೆ ಸಂಜೆ, ಕ್ವಾರ್ಟರ್ಸ್ ಖಾಲಿ ಮಾಡಬೇಕಾದದ್ದು ಇವತ್ತು. ಹಾಗಾಗಿ ಹಾಲು ಉಕ್ಕಿಸುವುದೂ ಸಾಮಾನು ಸಾಗಿಸುವುದೂ ಒಂದೇ ಬೆಳಿಗ್ಗೆ ಬಿದ್ದಿದ್ದವು. ಅವನ ಹೆಂಡತಿ ಶೋಭಾ, ದೊಡ್ಡ ಕಂಪನಿಯ ಮುಚ್ಚಿದ ವ್ಯಾನು ತರಿಸೋಣ ಅಂದಿದ್ದಳು. ಕ್ವಾರ್ಟರ್ಸಿನ ಅರ್ಧ ಮನೆಗಳ ಸಾಮಾನು ಸಾಗಿಸಿದ್ದು ಅಂಬಾದಾಸನೇ ಅಂತ ಗಂಡ ಹಟ ಹಿಡಿದ. ಆಕೆ ಅಂಬಾದಾಸನನ್ನೇ ಕರೆದು ಮುಖಕ್ಕೆ ಮುಖ ಕೊಟ್ಟು ಹೇಳಿದ್ದಳು: "ರಾಹುಕಾಲ ಹಿಡಿಯೂದರೊಳಗ ನನ್ನ ಒಲಿ ಮ್ಯಾಲ ಹಾಲು ಉಕ್ಕಬೇಕು. ಮಾತು ಕೊಡ್ತೀಯೇನು?"

"ಕೊಟ್ಟೇರಿ ಅಕ್ಕಾರ," ಅಂದಿದ್ದ ಅವನು, ಎದೆ ತಟ್ಟಿಕೊಂಡು.

ಕಂಬಗಳ ಕೆಳಗೆ ಗಾಡಿ ಕಾಯುತ್ತ ಕಾಯುತ್ತ ಕಾದೇ ಹೋಯಿತು. ಬಾನೆಟ್ಟಿನಿಂದ ಬುಸ್ ಅಂತ ಹೊಗೆ ಎದ್ದಿತು.

"ಭಾಳ ಚಲೋ," ಅಂದ ಶಿವಾನಂದ. "ಹಾಲಿಗಿಂತ ಮೊದಲ ನಿನ್ನ ರೇಡಿಯೇಟರ್ ಉಕ್ಕಿತು."

ಅಂಬಾದಾಸನಿಗೆ ಹಲ್ಲು ಕಡಿಯುವಷ್ಟು ಸಿಟ್ಟು, ಅದೂ ಗಾಡಿಯ ಮೇಲೆ. ಇದೇ ಗಾಡಿ ಮೊನ್ನೆ ಸಿಮೆಂಟು ಹೊತ್ತು ಗಚ್ಚಿಬೌಲಿಯ ಫ್ಲೈಓವರ್ ಏರಿ ಇಳಿದಾಗ ಒಂದು ಸಲವೂ ಕೆಮ್ಮಿರಲಿಲ್ಲ. ಹಿಂದೆ ಸಾಮಾನಿನ ಮೇಲೆ ಕೂತಿದ್ದ ಹಮಾಲ ದ್ಯಾವಪ್ಪ ಜಿಗಿದು ಚಹಾ ಅಂಗಡಿಯಿಂದ ಕೊಡದಲ್ಲಿ ನೀರು ತಂದ. ಮುಚ್ಚಳ ತಣ್ಣಗಾಗುವವರೆಗೆ ಮುಟ್ಟುವ ಹಾಗಿಲ್ಲ. ಬಸ್ಸಿನವರು ಬೈದರು, ಆಟೋದವರು ಬೈದರು, ಬೈಕಿನ ಮೇಲಿನ ಒಬ್ಬ ಅಜ್ಜ ಸುಮ್ಮನೆ ನಕ್ಕು ಹೋದ. ಆ ನಗು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಮಿಯಾಪುರದ ಅಪಾರ್ಟ್‌ಮೆಂಟ್ ಗೇಟಿಗೆ ಬಂದಾಗ ಹತ್ತೂ ಹತ್ತು. ಆಟೋದಲ್ಲಿ ಮೊದಲೇ ಬಂದಿದ್ದ ಶೋಭಾ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು.

"ಇನ್ನೂ ಇಪ್ಪತ್ತು ಮಿನಿಟ್ ಐತಿ. ಒಲಿ, ದೇವರ ಪೆಟಗಿ ಎರಡ ಕೊಡು, ಸಾಕು. ಉಳಿದದ್ದು ಆಮ್ಯಾಲ."

ಅಂಬಾದಾಸ ಹಗ್ಗಕ್ಕೆ ಕೈ ಹಾಕಿದವನು ಅಲ್ಲೇ ನಿಂತುಬಿಟ್ಟ.

ಅವನದೊಂದು ಕಟ್ಟಳೆ. ಯಾರ ಮನೆ ಖಾಲಿ ಮಾಡಿದರೂ ದೇವರ ಪೆಟ್ಟಿಗೆ ಮೊದಲು ಗಾಡಿ ಹತ್ತಬೇಕು. ಕ್ಯಾಬಿನ್ನಿಗೆ ಒತ್ತಿ, ಕುಲುಕಾಟ ತಾಗದ ಕಡೆ, ಯಾರ ಕಾಲೂ ಬೀಳದ ಹಾಗೆ. ಇವತ್ತು ಶೋಭಾ ಒಲೆಗೂ ಕುಂಕುಮ ಹಚ್ಚಿ ಕೊಟ್ಟಿದ್ದಳು. ಅವನು ಅದನ್ನೂ ಕಣ್ಣಿಗೊತ್ತಿಕೊಂಡು ದೇವರ ಪಕ್ಕದಲ್ಲೇ ಇಟ್ಟಿದ್ದ. ಅದರ ಮುಂದೆ ಕಪಾಟು, ಫ್ರಿಜ್ಜು, ಎರಡು ಮಂಚ, ವಾಷಿಂಗ್ ಮಷೀನು, ಮೂವತ್ತೊಂದು ವರ್ಷದ ಗಂಟುಮೂಟೆ.

ಮೊದಲು ಹತ್ತಿದ್ದು ಇಳಿಯುವುದು ಕಡೆಗೆ. ಹಾಲು ಉಕ್ಕಿದ ಮೇಲೆ ಸಾಮಾನು ಸಾಗಿಸುವ ಮನೆಗಳಲ್ಲಿ ಇದು ಅಡ್ಡ ಬಂದಿರಲೇ ಇಲ್ಲ.

"ಪಕ್ಕದ ಹಲಗಿ ಬಿಚ್ಚಿ ತೆಗಿಯೋ," ಅಂದ ಶಿವಾನಂದ.

"ಅದು ಸಡಲಾಗಿತ್ತಂತ ಹೋದ ವರ್ಷ ನಾನೇ ವೆಲ್ಡಿಂಗ್ ಮಾಡಿಸೀನ್ರಿ."

"ಶಾಣ್ಯಾ!" ಅಂದಳು ಶೋಭಾ.

ಮೂವರು ಗಂಡಸರು ಬೆವರು ಸುರಿಸುತ್ತ ಇಳಿಸತೊಡಗಿದರು. ಮಂಚದ ಕಾಲು ಫ್ರಿಜ್ಜಿನ ಹಗ್ಗಕ್ಕೆ ಸಿಕ್ಕಿತು. ಕಪಾಟು ಸೊಂಟ ಹಿಡಿದವರ ಹಾಗೆ ಅಲುಗಲೊಲ್ಲದು. ವಾಚ್‌ಮನ್ ಬೇರೆ ಬಂದು, "ಬಂಡಿ ತೀಸೆಯ್ ಅನ್ನಾ, ಗೇಟುಕಿ ಅಡ್ಡಂ," ಅಂತ ಗಾಡಿ ತೆಗೆಯಲು ತೆಲುಗಿನಲ್ಲಿ ರಾಗ ಎಳೆದ.

"ಪಕ್ಕದ ಮನಿಯಾಗ ಒಂದು ಒಲಿ ಕೇಳೋಣಲ್ಲ?" ಶಿವಾನಂದ ಹೆಂಡತಿಗೆ ಮೆಲ್ಲಗೆ ಅಂದ.

"ಮಂದಿ ಒಲಿ ಮ್ಯಾಲ ನನ್ನ ಮನಿ ಹಾಲು ಉಕ್ಕಸಬೇಕೇನ್ರಿ?"

ಒಲೆ ಕೈಗೆ ಬಂದಾಗ ಹತ್ತೂ ಮೂವತ್ತಾರು. ಅಂಬಾದಾಸ ಅದನ್ನು ಎರಡೂ ಕೈಯಲ್ಲಿ ಹಿಡಿದು ಶೋಭಾಳ ಮುಂದೆ ನಿಂತ. ಆಕೆ ಗಡಿಯಾರ ನೋಡಿದಳು, ಒಲೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಆಕೆ ಹಾಲಿನ ಪಾತ್ರೆಗೆ ಸೆರಗು ಮುಚ್ಚಿದಳು.

"ಅಕ್ಕಾರ... ಮಾತು ಹೋಯ್ತು ನನ್ನದು."

"ಹೋತು," ಅಂದಳು. "ಇನ್ನ ಹನ್ನೆರಡಕ್ಕ. ಅಲ್ಲಿತನಕ ಯಾರೂ ಹೊಸ್ತಿಲ ತುಳಿಯಾಂಗಿಲ್ಲ."

ರಸ್ತೆ ಬದಿಯಲ್ಲಿ ಸಂಸಾರವೆಲ್ಲ ಹರಡಿತ್ತು. ಹೋಗುವವರು ಬರುವವರು ಇಣುಕುತ್ತಿದ್ದರು. ವಾಚ್‌ಮನ್ ಮತ್ತೆ ಬಂಡಿ ತೆಗೆ ಅಂದ. ಅಂಬಾದಾಸ ತಲೆ ತಗ್ಗಿಸಿ ಕ್ಯಾಬಿನ್ ಹತ್ತಿದ. ಆ ಕಡೆಯ ಬಾಗಿಲು ಕಿರ್ ಅಂದಿತು. ಹಾಲಿನ ಪಾತ್ರೆ ಗಂಡನ ಕೈಗೆ ಕೊಟ್ಟು ಶೋಭಾ ಹತ್ತಿ ಕೂತಳು.

"ನಡಿ. ಇಲ್ಲಿ ನಿಂತು ಮಂದೀಗೆ ಮುಖ ತೋರಸ್ಲಾರೆ. ಒಂದು ಸುತ್ತು ಹೊಡಕೊಂಡು ಬಾ."

ಖಾಲಿಯಾದ ಗಾಡಿ ಹಗುರವಾಗಿ ಹೊರಟಿತು. ಅವನು ಹಿಡಿಯನ್ನು ಎಳೆದು, ತಡೆದು, ನೂಕಿದ. ಮೂರನೇ ಗೇರು ಬೆಣ್ಣೆಯ ಹಾಗೆ ಬಿತ್ತು. ಈಗ ಬೀಳ್ತೀಯಲ್ಲ ಕಳ್ಳಿ, ಅಂತ ಮನಸ್ಸಿನಲ್ಲೇ ಬೈದ.

"ಈ ಕಿಟಕಿ ಕಾಜು ಏರಿಸು, ಧೂಳು ಬರಾಕತ್ತೈತಿ."

"ಅದು ಏರಂಗಿಲ್ರಿ ಅಕ್ಕಾರ."

"ಏನರೆ ಒಂದು ಸರಿ ಐತೇನು ಇದರಾಗ?"

ಗಾಳಿಗೆ ಆಕೆಯ ಸೆರಗು ಹಾರಿತು. ಆಕೆ ಮೊದಲು ಅದನ್ನು ಬಿಗಿ ಹಿಡಿದಳು, ಆಮೇಲೆ ಬಿಟ್ಟಳು. ಬೈಗುಳ ಮಾತ್ರ ಬಿಡಲಿಲ್ಲ: ವೆಲ್ಡಿಂಗಿಗೆ, ರೇಡಿಯೇಟರಿಗೆ, ಇಂಥ ಗಾಡಿ ಕರೆಸಿದ ಗಂಡನಿಗೆ. ಅಂಬಾದಾಸ ಹೌದ್ರಿ, ಖರೇ ಅದರಿ ಅನ್ನುತ್ತ ಓಡಿಸಿದ. ನಾಳೆಯೊಳಗೆ ಕ್ವಾರ್ಟರ್ಸಿಗೆಲ್ಲ ಸುದ್ದಿ ಮುಟ್ಟುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು.

ಹೊರಳುವ ಜಾಗ ಬಂತು. ಅವನು ಸ್ಟೇರಿಂಗ್‌ಗೆ ಕೈ ಬಿಗಿದ.

"ಇಲ್ಲಿ ಬ್ಯಾಡ," ಅಂದಳು ಶೋಭಾ, ಕಿಟಕಿಯ ಹೊರಗೇ ನೋಡುತ್ತ. "ಮುಂದಿನ ಯೂ-ಟರ್ನ್‌ನಾಗ ಹೊಳ್ಳಸು."