ಹಸಿವಿಲ್ಲ ಅಂದ್ರೆ?

ಯಾರು ಏನೇ ಹೇಳಲಿ, ‘ಅಂದ್ರೆ?’ ಎಂದು ಒಮ್ಮೆ ಕೇಳದೆ ಆಕೆ ಅದನ್ನು ಒಪ್ಪಿಕೊಂಡವಳಲ್ಲ. ತಲೆನೋವು ಎಂದ ಸಹೋದ್ಯೋಗಿಗೆ ‘ಅಂದ್ರೆ?’, ಬೇಗ ಬರುತ್ತೇನೆ ಎಂದ ಗಂಡನಿಗೆ ‘ಅಂದ್ರೆ?’, ಓದಿ ಮುಗೀತು ಎಂದ ಮಗಳಿಗೂ ಅದೇ. ಹೀಗಾಗಿ ಆಸ್ಪತ್ರೆಯಲ್ಲಿ ಆಕೆಯ ಹುಟ್ಟುಹೆಸರು ಹಾಜರಿ ಪುಸ್ತಕದ ಪಾಲಾಗಿ, ಜನರ ಬಾಯಲ್ಲಿ ‘ಅಂದ್ರೆ ಮೇಡಂ’ ಎಂಬುದೇ ಕಾಯಂ ಆಗಿತ್ತು.

ಆಕೆಯ ಕೆಲಸ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ. ವೈದ್ಯರು ಕಡತದಲ್ಲಿ ಬರೆದ ಪ್ರತಿಯೊಂದು ರೋಗಕ್ಕೂ ರೋಗಲಕ್ಷಣಕ್ಕೂ ನಿಗದಿಯಾದ ಸಂಕೇತಸಂಖ್ಯೆಯನ್ನು ಹುಡುಕಿ ನಮೂದಿಸುವ ಈ ಕೆಲಸವನ್ನು ಕೋಡಿಂಗ್ ಎನ್ನುತ್ತಾರೆ. ಆ ಕೋಣೆಯ ಏಸಿ ಕಾಗದಗಳಿಗೆ ಹಿತವಾದಷ್ಟು ಮನುಷ್ಯರಿಗೆ ಹಿತವಲ್ಲವಾದ್ದರಿಂದ, ಆಕೆ ವರ್ಷವಿಡೀ ಗಂಡನ ಹಳೆಯ ಉಣ್ಣೆಯ ಕೋಟನ್ನು ತೋಳು ಎರಡು ಸುತ್ತು ಮಡಚಿ ತೊಟ್ಟುಕೊಳ್ಳುತ್ತಿದ್ದಳು. ಅದರ ಜೇಬಿನಲ್ಲಿ ಎರಡು ಪೆನ್ಸಿಲು, ಒಂದು ಸವೆದ ರಬ್ಬರು. ಕಡತವನ್ನು ಪಕ್ಕೆಗೆ ಒತ್ತಿ ಹಿಡಿದು, ಎಡಭುಜ ವಾಲಿಸಿಕೊಂಡು, ನೆಲ ನೋಡುತ್ತಾ ಪುಟ್ಟ ಹೆಜ್ಜೆಗಳಲ್ಲಿ ಸರಸರನೆ ನಡೆದು ಬರುವ ಆ ಸದ್ದಿಗೇ ವಾರ್ಡಿನ ನರ್ಸುಗಳು ಎಚ್ಚೆತ್ತುಕೊಳ್ಳುತ್ತಿದ್ದರು: ‘ಬಂದ್ರು ಕಣ್ರೇ, ಕಾಗದ ಎಲ್ಲ ಸರಿಯಾಗಿ ಜೋಡಿಸಿಡಿ!’

ಆಕೆಗೆ ಅತ್ಯಂತ ಕಿರಿಕಿರಿಯ ಮಾತೆಂದರೆ ‘ಹಸಿವಿಲ್ಲ’. ವೈದ್ಯರು ಅದನ್ನು ಗೀಚಿ ಮುಂದೆ ಸಾಗುತ್ತಿದ್ದರು. ಉಳಿದ ಕೋಡರುಗಳು ಕಣ್ಣುಮುಚ್ಚಿ ಅದರ ಸಂಖ್ಯೆಯನ್ನು ಒತ್ತುತ್ತಿದ್ದರು. ಆಕೆಗೆ ಮಾತ್ರ ಹಸಿವೇ ಆಗದವನು, ಹಸಿದೂ ನುಂಗಲಾರದವನು, ನುಂಗಬಲ್ಲವನಾದರೂ ಬೇಡವೆಂದು ಮುಖ ತಿರುಗಿಸುವವನು ಬೇರೆ ಬೇರೆ ಮನುಷ್ಯರು.

ಈ ಹಟಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಕಾಮಾಲೆಯಿಂದ ಮಲಗಿದ್ದ ಹತ್ತೊಂಬತ್ತರ ಹುಡುಗಿಯೊಬ್ಬಳ ಕಡತದಲ್ಲಿ ವೈದ್ಯರು ‘ಅನೊರೆಕ್ಸಿಯಾ’ ಎಂದು ಬರೆದಿದ್ದರು. ಆ ಪದಕ್ಕೆ ಹಸಿವು ಕುಂದಿದೆ ಎಂದಷ್ಟೇ ಅರ್ಥ; ಆದರೆ ಅದರ ಮುಂದೆ ಇನ್ನೊಂದು ಪದ ಸೇರಿದರೆ, ದಪ್ಪಗಾಗುವ ಭಯದಿಂದ ಉಪವಾಸ ಬೀಳುವ ಮಾನಸಿಕ ಕಾಯಿಲೆಯಾಗುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಎರಡೂ ಒಂದರ ಕೆಳಗೊಂದು ಇದ್ದವು. ಆಕೆಯ ಬೆರಳು ಕೆಳಗಿನದನ್ನು ಒತ್ತಿತು. ಎಂಟು ತಿಂಗಳ ಮೇಲೆ ಹುಡುಗಿಯ ತಾಯಿ ಕೌಂಟರಿಗೆ ಬಂದು ನಿಂತಳು. ನರ್ಸಿಂಗ್ ಕಾಲೇಜಿನವರು ಆಸ್ಪತ್ರೆಯ ದಾಖಲೆ ನೋಡಿ ಮಗಳ ಪ್ರವೇಶವನ್ನು ತಡೆಹಿಡಿದಿದ್ದರು.

‘ಮನಸ್ಸಿನ ಕಾಯಿಲೆ ಅಂತ ಬರೆದಿದ್ದೀರಂತೆ. ಕಾಮಾಲೆ ಬಂದಾಗ ಯಾರಿಗಮ್ಮ ಊಟ ಸೇರುತ್ತೆ?’

ಕಂಪ್ಯೂಟರಿನ ತಪ್ಪೆಂದು ಹೇಳಿ ಕಳಿಸು ಎಂದು ಮೇಲಧಿಕಾರಿ ಪಿಸುಗುಟ್ಟಿದರು. ಆಕೆ ‘ತಪ್ಪು ನನ್ನದು’ ಎಂದಳು. ದಾಖಲೆ ತಿದ್ದಿಸಿ, ಪತ್ರ ಬರೆಸಿ, ತಾನೇ ಕಾಲೇಜಿಗೆ ಹೋಗಿ ಕೊಟ್ಟುಬಂದಳು. ಅಷ್ಟರಲ್ಲಿ ಪ್ರವೇಶ ಮುಗಿದಿತ್ತು. ಹುಡುಗಿಗೆ ಸೀಟು ಸಿಕ್ಕಿದ್ದು ಮರುವರ್ಷ.

ಇನ್ನೊಂದು ಪ್ರಸಂಗ ಇದಾಗಿ ಬಹಳ ವರ್ಷಗಳ ಮೇಲಿನದು. ರೋಗಿ ಮನೆಗೆ ಹೋಗುವ ಮುನ್ನವೇ ಕಡತವನ್ನು ಪರಿಶೀಲಿಸುವ ಪದ್ಧತಿ ಆಗಷ್ಟೇ ಶುರುವಾಗಿತ್ತು. ನಿವೃತ್ತ ಬಸ್ ಚಾಲಕನೊಬ್ಬ ನಿಶ್ಶಕ್ತಿಯೆಂದು ಅದೇ ವರ್ಷ ಮೂರನೆಯ ಸಲ ದಾಖಲಾಗಿ, ಅಂದು ಮಧ್ಯಾಹ್ನ ಬಿಡುಗಡೆಯಾಗುವವನಿದ್ದ. ಕಡತದಲ್ಲಿ ಯಥಾಪ್ರಕಾರ, ‘ಹಸಿವಿಲ್ಲ’. ಆದರೆ ನರ್ಸಿನ ಟಿಪ್ಪಣಿಯಲ್ಲಿ ಹೀಗಿತ್ತು: ‘ಬೆಳಿಗ್ಗೆ ತಿಂಡಿ ಬೇಗ ತನ್ನಿ ಎಂದರು, ಎರಡು ತುತ್ತಿಗೆ ಬಿಟ್ಟರು. ಹಾಲು ಪೂರ್ತಿ ಕುಡಿದರು. ಬ್ರೆಡ್ಡು ಬೇಡವೆಂದರು.’

ಹಸಿವಿಲ್ಲದವನು ತಿಂಡಿಗೆ ಅವಸರ ಮಾಡುತ್ತಾನೆಯೇ? ಆಕೆಗೆ ಅನುಮಾನ ಹುಟ್ಟಿತು, ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕಡತದಲ್ಲಿರುವುದನ್ನು ಮುಂದಿಟ್ಟು ಸ್ಪಷ್ಟನೆ ಕೇಳಬಹುದೇ ಹೊರತು ರೋಗ ಇಂಥದ್ದಿರಬಹುದೆಂದು ವೈದ್ಯರಿಗೆ ಸೂಚಿಸಬಾರದೆಂಬುದು ಆ ವೃತ್ತಿಯ ಕಟ್ಟುನಿಟ್ಟು. ಚೀಟಿ ಬರೆದು ಕಳಿಸಿದಳು. ‘ಹಸಿವಿಲ್ಲ ಎಂದು ಬರೆದಿದೆಯಲ್ಲ’ ಎಂಬ ಉತ್ತರ ಹೊತ್ತು ಅದೇ ಚೀಟಿ ಮರಳಿತು. ಕೋಟಿನಲ್ಲೇ ಮೂರನೆಯ ಮಹಡಿ ಹತ್ತಿದಳು.

‘ಡಾಕ್ಟ್ರೇ, ಹಸಿವಿಲ್ಲ ಅಂದ್ರೆ?’

ಕಿರಿಯ ವೈದ್ಯರು ತಲೆ ಎತ್ತಲಿಲ್ಲ. ‘ಹಸಿವಿಲ್ಲ ಅಂದ್ರೆ ಹಸಿವಿಲ್ಲ ಮೇಡಂ! ನಿಮಗೆ ನಂಬರ್ ತಾನೇ ಬೇಕು? ಯಾವುದಾದ್ರೂ ಒಂದು ಹಾಕ್ಕೊಳ್ಳಿ.’

‘ಹಾಗೆ ಹಾಕಿ ಒಂದ್ಸಲ ಕೈ ಸುಟ್ಕೊಂಡಿದ್ದೀನಿ. ನರ್ಸ್ ಬರೆದಿರೋದನ್ನ ನೀವೇ ಓದಿ. ನಾನೇನೂ ಹೇಳೋ ಹಾಗಿಲ್ಲ.’

ವೈದ್ಯರು ಬೇಸರದಿಂದಲೇ ಓದಿದರು, ಇನ್ನೊಮ್ಮೆ ಓದಿದರು, ಎದ್ದು ಚಾಲಕನ ಮಂಚದ ಬಳಿ ಹೋದರು. ಹೆಂಡತಿ ಆಗಲೇ ಗಂಟುಮೂಟೆ ಕಟ್ಟಿ ಕೂತಿದ್ದಳು.

‘ಯಜಮಾನ್ರೇ, ಹಸಿವಾಗುತ್ತಾ?’

‘ಆಗದೇ ಏನು? ಹೊಟ್ಟೆ ಚುರುಗುಟ್ಟುತ್ತೆ. ಆದ್ರೆ ತುತ್ತು ಇಲ್ಲೇ ನಿಂತ್ಬಿಡುತ್ತೆ,’ ಎಂದು ಆತ ಎದೆಯ ನಡುವೆ ಬೆರಳಿಟ್ಟ.

‘ಇದನ್ನ ಮುಂಚೆ ಯಾಕೆ ಹೇಳ್ಲಿಲ್ಲ?’

‘ಊಟ ಸೇರುತ್ತಾ ಅಂತ ಕೇಳಿದ್ರಿ. ಇಲ್ಲ ಅಂದೆ.’

ಕಟ್ಟಿದ ಗಂಟನ್ನು ಹೆಂಡತಿ ಬಿಚ್ಚಿದಳು. ಮರುದಿನ ಗಂಟಲಿನೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡಿದರೆ, ಹಳೆಯ ಹುಣ್ಣು ಮಾಗಿದ ಜಾಗದಲ್ಲಿ ಅನ್ನನಾಳ ಪೆನ್ಸಿಲಿನಷ್ಟು ಕಿರಿದಾಗಿತ್ತು. ಅದನ್ನು ಹಿಗ್ಗಿಸಿದರು. ನಾಲ್ಕನೆಯ ದಿನ ಆತ ಬ್ರೆಡ್ಡು ತಿಂದು, ಇನ್ನೊಂದು ಕೊಡಿ ಎಂದನಂತೆ.

ಆಕೆ ಅದನ್ನು ನೋಡಲು ಹೋಗಲಿಲ್ಲ. ಚಾಲಕನ ಹಿಂದಿನ ಎರಡು ಕಡತಗಳನ್ನು ಕಪಾಟಿನಿಂದ ತೆಗೆಸಿ ಕೂತಿದ್ದಳು. ಎರಡರಲ್ಲೂ ‘ಹಸಿವಿಲ್ಲ’, ಎರಡರಲ್ಲೂ ನರ್ಸುಗಳ ಟಿಪ್ಪಣಿ ಹೆಚ್ಚುಕಡಿಮೆ ಇದೇ, ಎರಡರ ಕೊನೆಗೂ ಆಕೆಯದೇ ಸಹಿ. ಕೆಲಸ ಮೇಲೆ ಬಿದ್ದ ದಿನಗಳಲ್ಲಿ ಆಕೆಯೂ ಕೇಳದೆ ಒತ್ತಿದ್ದಳು. ಧನ್ಯವಾದ ಹೇಳಲು ಕಿರಿಯ ವೈದ್ಯರು ನೆಲಮಾಳಿಗೆಗೆ ಇಳಿದು ಬಂದಾಗ, ಆ ಎರಡನ್ನೂ ಅವರ ಮುಂದೆ ಬಿಡಿಸಿಟ್ಟು, ‘ನನ್ನ ಹೊಗಳ್ಬೇಡಿ, ಇವನ್ನ ಓದಿ’ ಎಂದಳು. ಅವರು ನಿಂತಲ್ಲೇ ಎರಡನ್ನೂ ಓದಿ ಹೋದರು. ಅಂದಿನಿಂದ ಅವರ ಟಿಪ್ಪಣಿಗಳು ಎರಡು ಪದ ಇದ್ದದ್ದು ನಾಲ್ಕು ಸಾಲಾದವು. ಅಕ್ಷರ ಮಾತ್ರ ಸುಧಾರಿಸಲಿಲ್ಲ.

ದೊಡ್ಡ ಸಂಸ್ಥೆಗಳಲ್ಲಿ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರೊಡನೆ ದಿನ ಕಳೆಯುವುದು ಸುಖದ ಸಂಗತಿಯಲ್ಲ. ಸಾಗುತ್ತಿರುವ ಕೆಲಸವನ್ನು ತಡೆಯುತ್ತಾರೆ, ಮುಗಿಯಿತೆಂದದ್ದನ್ನು ಮತ್ತೆ ತೆರೆಯುತ್ತಾರೆ. ಅವರನ್ನು ಹೀಗೆ ಮಾಡಿದ್ದು ಅಸಾಧಾರಣ ಪ್ರತಿಭೆಯೇನಲ್ಲ, ತಾವೇ ಮಾಡಿದ ತಪ್ಪನ್ನು ಕ್ಷಮಿಸಿಕೊಳ್ಳಲೊಲ್ಲದ ಒಂದು ಬಗೆಯ ಪ್ರಾಮಾಣಿಕತೆ. ಅವರಿಂದ ಉಪಕಾರವಾದವರಿಗೆ ಅವರ ಮುಖವೇ ತಿಳಿದಿರುವುದಿಲ್ಲ; ಕಿರಿಕಿರಿಯಾದವರಿಗೆ ಮಾತ್ರ ಚೆನ್ನಾಗಿ ತಿಳಿದಿರುತ್ತದೆ.