ಒಂದೇ ಒಂದು ಡೈಲಾಗು

"ಅಡ್ಡ ಬೀಳೋದು ಹ್ಯಾಂಗೆ ಅಂತ ನಿಂಗೆ ಹೇಳಿಕೊಡಬೇಕೇನೋ, ಬೋಳಿಮಗನೆ? ನಿಮ್ಮಪ್ಪ ನಮ್ಮಪ್ಪಂಗೆ ಬೀಳ್ತಿರಲಿಲ್ವಾ?"

ಮುಕುಂದಯ್ಯ ಒಡೆಯರು ಹೀಗೆ ಬೈದದ್ದು ನಾಲ್ಕನೇ ಟೇಕಿನಲ್ಲಿ. ಕಾಲಬುಡದಲ್ಲಿ ಬಿದ್ದಿದ್ದವನು ಅವರ ಗೇಣಿದಾರ ಜಟ್ಟಪ್ಪ. ಪಕ್ಕದಲ್ಲಿ ಹಲ್ಲುಕಚ್ಚಿ ನಿಂತಿದ್ದವಳು ಅವನ ಮಗಳು, ಹದಿನಾರು ವರ್ಷದ ಗುತ್ಯಮ್ಮ.

ತಾಳಗುಪ್ಪದ ಹತ್ತಿರದ ಈ ಊರಿಗೆ ಬೆಂಗಳೂರಿನ ಹೇರಂಬ ಎಂಬ ನಿರ್ದೇಶಕ ಟೀವಿ ಧಾರಾವಾಹಿ ತೆಗೆಯಲು ಬಂದು ವಾರವಾಗಿತ್ತು. ಹರೆಯದವರ ಧಾರಾವಾಹಿ. ಐದು ಜನ ಕಾಲೇಜು ಹುಡುಗ ಹುಡುಗಿಯರು ಹಳ್ಳಿಗೆ ಬರುತ್ತಾರೆ, ಹಾಡುತ್ತಾರೆ, ಪ್ರೀತಿಸುತ್ತಾರೆ, ಬಿಡುವಾದಾಗ ಸಮಾಜ ಬದಲಾಯಿಸುತ್ತಾರೆ. ಕೊನೆಯ ಕಂತಿನಲ್ಲಿ ಅವರ ಭಾಷಣ ಕೇಳಿ ಜಮೀನ್ದಾರನ ಮನಸ್ಸು ಬೆಣ್ಣೆಯಂತೆ ಕರಗಿ, ಗದ್ದೆಯನ್ನು ಗೇಣಿದಾರನಿಗೆ ಕೊಟ್ಟುಬಿಡುತ್ತಾನೆ. ತಂಡಕ್ಕೆ ಊಟ, ವಸತಿ ಪುಕ್ಕಟೆ ಕೊಟ್ಟ ಮುಕುಂದಯ್ಯನವರು ಆ ಪಾತ್ರವನ್ನು ಕೇಳಿ ಪಡೆದರು. ನೈಜತೆ ಇರಲಿ ಎಂದು ಹೇರಂಬ ನಿಜವಾದ ಗೇಣಿದಾರನನ್ನೇ, ಮಗಳ ಸಮೇತ, ಕರೆಸಿದ.

ತಾನು ಉಳುವ ಎರಡೆಕರೆ ಗದ್ದೆ ತನಗೇ ಸೇರಬೇಕೆಂದು ಆ ನಿಜದ ಗೇಣಿದಾರ ಹಾಕಿದ ಅರ್ಜಿ ಹನ್ನೆರಡು ವರ್ಷದಿಂದ ಸಾಗರದ ಭೂನ್ಯಾಯಮಂಡಳಿಯಲ್ಲಿತ್ತು. ಈ ಮನುಷ್ಯ ನನ್ನ ಗದ್ದೆಗೆ ಕಾಲಿಟ್ಟವನೇ ಅಲ್ಲ ಎಂದು ಅಲ್ಲಿ ಪ್ರಮಾಣ ಮಾಡಿದ್ದವರು ಇದೇ ಮುಕುಂದಯ್ಯ. ಕಡೆಯ ವಿಚಾರಣೆ ಇನ್ನೇನು ಹತ್ತಿರ ಬಂದಿತ್ತು. ಗದ್ದೆ ಕೈತಪ್ಪಿದರೆ ಅಪ್ಪ ಮಗಳು ಬೀದಿಪಾಲು.

ಐದನೇ ಟೇಕ್. ಮುಕುಂದಯ್ಯನವರು ಜಟ್ಟಪ್ಪನ ಭುಜ ಹಿಡಿದೆತ್ತಿ, ಮೂವತ್ತು ವರ್ಷ ನೀನು ಬೆವರು ಸುರಿಸಿದ ಗದ್ದೆ, ಇಕೋ ನಿನ್ನದೇ ಎಂದು ಗದ್ಗದರಾದರು. 'ಎಲ್ಲ ನಿಮ್ಮ ದಯೆ, ಒಡೆಯರೆ' ಎನ್ನುವುದು ಗುತ್ಯಮ್ಮನಿಗೆ ಕೊಟ್ಟ ಒಂದೇ ಒಂದು ಡೈಲಾಗು. ಅವಳು ಬಾಯಿ ತೆರೆದಳು.

"ಹಂಗಾರೆ ಸಾಗರದಾಗೆ ಯಾಕೆ ಸುಳ್ಳು ಹೇಳಿದ್ರಿ, ಒಡೇರೆ? ಇಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳ್ರಿ."

ಒಡೆಯರು ಅವಳ ವಂಶವನ್ನೆಲ್ಲ ಹಾದರಕ್ಕೆ ಹಚ್ಚಿ ಬೈದರು. ಹೇರಂಬ ಮಾತ್ರ, ಹುಡುಗಿಯ ಕಣ್ಣಲ್ಲಿ ಎಂಥ ಬೆಂಕಿ, ಇದೇ ಟೇಕು ಇರಲಿ ಎಂದು ಗಂಟುಮೂಟೆ ಕಟ್ಟಿಸಿದ. ತನ್ನ ಮಾತು ಆ ಕ್ಯಾಮೆರಾ ಪೆಟ್ಟಿಗೆಯೊಳಗೆ ಹೋಗಿ ಕೂತಿತು ಎಂದೇ ಗುತ್ಯಮ್ಮ ನಂಬಿದಳು. ಮಂಡಳಿಯ ಸಾಹೇಬರೂ ಟೀವಿ ನೋಡುತ್ತಾರೆ, ಅವರ ಕಿವಿಗೆ ಬಿದ್ದೇ ಬೀಳುತ್ತದೆ ಎಂದು ಅಪ್ಪನಿಗೆ ಧೈರ್ಯ ತುಂಬಿದಳು.

ವಿಚಾರಣೆಗೆ ಮೂರು ದಿನವಿದ್ದಾಗ, ಭಾನುವಾರ ಬೆಳಿಗ್ಗೆ, ಆ ಕಂತು ಬಂತು. ಕಾರ್ಗಲ್ಲಿನ ಕರೆಂಟಿನವರ ಕಾಲೋನಿಯ ಕ್ಲಬ್ಬಿನಲ್ಲಿ ಟೀವಿ. ಮುಕುಂದಯ್ಯನವರಿಗೆ ಹಾರ, ಮುಂದಿನ ಕುರ್ಚಿ. ಜಟ್ಟಪ್ಪನಿಗೂ ಗುತ್ಯಮ್ಮನಿಗೂ ಹೊರಗಿನ ಕಿಟಕಿ.

ಟೀವಿಯಲ್ಲಿ ಗುತ್ಯಮ್ಮ ಬಾಯಿ ತೆರೆದಳು. ತುಟಿ ಅವಳದೇ, ದನಿ ಅವಳದಲ್ಲ. ಬೆಂಗಳೂರಿನ ಯಾವಳೋ ಹುಡುಗಿ ಜೇನಿನಂಥ ದನಿಯಲ್ಲಿ, "ಎಲ್ಲ ನಿಮ್ಮ ದಯೆ, ಒಡೆಯರೆ," ಎಂದಳು. ಕಾಲೋನಿಯ ಎಂಜಿನಿಯರರ ಹೆಂಡತಿ ಶಾಂತಮ್ಮ ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗುತ್ಯಮ್ಮ ಕಿಟಕಿ ಬಿಟ್ಟು ಬಾಗಿಲ ಕಡೆ ಹೊರಟಳು. ಅಪ್ಪ ಸೆರಗು ಹಿಡಿದೆಳೆದ. ಕೊಡವಿಕೊಂಡು, ಕೆಸರುಗಾಲಲ್ಲೇ ಒಳಗೆ ನುಗ್ಗಿ ಟೀವಿಗೆ ಅಡ್ಡವಾಗಿ ನಿಂತಳು.

"ಅದು ನನ್ನ ಮಾತಲ್ಲ. ನಾನು ಹೇಳಿದ್ದು ಬ್ಯಾರೆ, ಈಗ ಕೇಳ್ರಿ."

ಅವಳು ಹೇಳತೊಡಗಿದಳು. ಮುಕುಂದಯ್ಯನವರು ಕೊರಳ ಹಾರ ಹಿಡಿದುಕೊಂಡೇ ಎದ್ದು ನಿಂತರು. ಹಿಂದಿನ ಸಾಲಿನಲ್ಲಿ ಯಾರೋ, ಏ ಹುಡುಗಿ, ಪಕ್ಕಕ್ಕೆ ಸರಿ, ಏನೂ ಕಾಣ್ತಿಲ್ಲ ಎಂದು ಗೊಣಗಿದರು.

ಗುತ್ಯಮ್ಮ ಸರಿಯಲಿಲ್ಲ.