ಹತ್ತೊಂಬತ್ತು ವರ್ಷ ಹಾಲು ಕುಡಿದ ಕ್ಯಾಪ್ಟನ್

ಆ ಸೋಮವಾರ ಡೈರಿಯಲ್ಲಿ ಬರೆದದ್ದು ಒಂದೇ ಸಾಲು: ‘ಗುಂಡು ಹಾರುವ ಜಾಗದಲ್ಲಿ ಒಂದು ಬೆಕ್ಕು ಹತ್ತೊಂಬತ್ತು ವರ್ಷ ಬದುಕುತ್ತದೆಯೇ?’ ಬರೆದು, ಯಾರಾದರೂ ಓದಿಯಾರೆಂದು ಪುಟ ಮಡಚಿದೆ. ಓದುವವರು ಯಾರೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಸೇನಾ ವಸ್ತುಸಂಗ್ರಹಾಲಯದಲ್ಲಿ ನನ್ನದು ತಾತ್ಕಾಲಿಕ ಕೆಲಸ. ಹಳೆಯ ದಫ್ತರಗಳನ್ನು ಓದಿ, ಗಾಜಿನ ಪೆಟ್ಟಿಗೆಗಳ ಪಕ್ಕದ ಫಲಕಗಳಿಗೆ ನಲವತ್ತು ಪದ ಮೀರದಂತೆ ಬರೆಯಬೇಕು. ಈ ಸಲದ ಪ್ರದರ್ಶನ ದಂಡಿನ ಬೆಕ್ಕುಗಳದ್ದು. ಹಡಗಿನ ಹಗ್ಗಗಳನ್ನು ಇಲಿಗಳಿಂದ ಕಾಯ್ದವು, ಕಂದಕದಲ್ಲಿ ವಿಷಗಾಳಿ ಬಂದಾಗ ಮನುಷ್ಯರಿಗಿಂತ ಮೊದಲು ಒದ್ದಾಡಿದವು, ಚಳಿಯಲ್ಲಿ ಯಾರದೋ ಕೋಟಿನೊಳಗೆ ಮಲಗಿ ಆ ಎದೆಯನ್ನು ಬೆಚ್ಚಗಿಟ್ಟವು. ಎಲ್ಲಕ್ಕಿಂತ ದೊಡ್ಡ ಫಲಕ ‘ಕ್ಯಾಪ್ಟನ್’ ಎಂಬ ಉಗ್ರಾಣದ ಬೆಕ್ಕಿಗೆ. ದಫ್ತರದಲ್ಲಿ ಆ ಹೆಸರಿಗೆ ದಿನಕ್ಕೊಂದು ಬಟ್ಟಲು ಹಾಲು, ಹತ್ತೊಂಬತ್ತು ವರ್ಷ ತಪ್ಪದೆ.

‘ಒಂದೇ ಬೆಕ್ಕು, ಮೂರು ಯುದ್ಧ’ ಎಂದು ಬರೆದವಳು ನಾನೇ. ಮೇಲ್ವಿಚಾರಕರು ಹಿಗ್ಗಿ ಪತ್ರಿಕೆಯವರನ್ನು ಕರೆದರು. ನನ್ನ ಕೆಲಸ ಕಾಯಂ ಮಾಡಿಸುವ ಮಾತನ್ನೂ ಆಡಿದರು.

ಬುಧವಾರ, ಆ ಉಗ್ರಾಣದಲ್ಲಿ ದುಡಿದಿದ್ದ ಅಜ್ಜನೊಬ್ಬರು ಬಂದರು. ಫಲಕ ಓದಿ, ಅದರ ಪಕ್ಕದ ಫೋಟೋ ನೋಡಿ ಹೊಟ್ಟೆ ಕುಲುಕಿಸಿ ನಕ್ಕರು.

“ನನ್ ಕ್ಯಾಪ್ಟನ್ ಕೆಂದು ಬಣ್ಣ ಕಣಮ್ಮ. ಈ ಫೋಟೋದಲ್ಲಿರೋದು ಕರೀದು.”

“ಹಾಗಂದ್ರೆ?”

“ಹಾಲು ಮಂಜೂರಾಗಿದ್ದು ಮೊದಲನೇದರ ಹೆಸರಿಗೆ. ಸತ್ತಿತು ಅಂತ ಬರೆದ್ರೆ ಹಾಲು ನಿಂತೋಗುತ್ತೆ. ಹೊಸದಕ್ಕೆ ಅರ್ಜಿ ಹಾಕಿ ಸಹಿ ಬರೋಷ್ಟರಲ್ಲಿ ಇಲಿಗಳು ನಮ್ಮ ಬೂಟೂ ಮುಗಿಸಿರ್ತಿದ್ವು. ಅದಕ್ಕೆ, ಬಂದಿದ್ದೆಲ್ಲ ಕ್ಯಾಪ್ಟನ್ನೇ. ಇಡೀ ದಂಡಿನಲ್ಲಿ ಸಾಯದ ಆಫೀಸರ್ ಅಂದ್ರೆ ಅದೊಂದೇ.”

ಆಮೇಲೆ ಅವರ ನಗು ಇಳಿಯಿತು. “ನನ್ ಕೆಂದು ಬೆಕ್ಕನ್ನ ಕೆಂಚ ಅಂತಿದ್ದೆ. ಅದಕ್ಕೆ ಬಾಂಬ್ ತಗಲಿತು. ಹಿಟ್ಟಿನ ಚೀಲದಲ್ಲಿ ಸುತ್ತಿ ಹೂತೆ. ಮಾರನೇ ದಿನ ಅದರ ಹೆಸರಲ್ಲೇ ಹಾಲು ತಂದೆ. ದಫ್ತರದ ಎಡಗಡೆ ಪುಟದಲ್ಲಿ ಬಣ್ಣ ಮಾತ್ರ ಬದಲಾಯಿಸಿ ಬರೀತಿದ್ವಿ. ಮೇಲಿನೋರು ಆ ಪುಟ ನೋಡ್ತಿರಲಿಲ್ಲ.” ನನ್ನ ಮುಖ ನೋಡಿ, ಮೆಲ್ಲಗೆ, “ನೀನೂ ನೋಡಿಲ್ಲ ಅಲ್ವಾ?” ಎಂದರು.

ನೋಡಿರಲಿಲ್ಲ. ಹೆಸರು, ತಾರೀಖು, ಹಾಲು ಎಲ್ಲ ಬಲಗಡೆ ಇದ್ದವು. ಬೇಗ ಮುಗಿಸಲು ಅಷ್ಟನ್ನೇ ಓದಿದ್ದೆ. ಕೆಳಗಿನ ಕೋಣೆಗೆ ಓಡಿ ಎಡಪುಟಗಳನ್ನು ತಿರುವಿದೆ. ಬೂದು. ಕಪ್ಪು, ಕಿವಿ ಹರಿದದ್ದು. ಕೆಂದು. ಪಟ್ಟೆ. ಸತ್ತದ್ದರ ಬಗ್ಗೆ ಒಂದಕ್ಷರವಿಲ್ಲ. ಬಣ್ಣ ಬದಲಾದ ದಿನವೇ ಹಿಂದಿನದರ ಸಾವಿನ ಸುದ್ದಿ.

ಗುರುವಾರ ದಫ್ತರ ಎದೆಗವಚಿಕೊಂಡು ಮೇಲ್ವಿಚಾರಕರ ಬಾಗಿಲಲ್ಲಿ ನಿಂತೆ.

“ಏನಮ್ಮ?”

“ಏನಿಲ್ಲ ಸಾರ್, ಅಂಟಿಸೋ ಟೇಪ್ ಬೇಕಿತ್ತು.”

ಕೊಟ್ಟರು. ಬೇಡದ ಅಂಟುಪಟ್ಟಿ ಹಿಡಿದುಕೊಂಡು ಹಿಂದಿರುಗಿದೆ. ಬಾಗಿಲ ಬಳಿ ಕಸ ಗುಡಿಸುತ್ತಿದ್ದ ಅಕ್ಕ, “ಅದನ್ನ ಬಾಯಿಗೇ ಅಂಟಿಸ್ಕೊಂಡಿದೀಯೇನೋ ಅನ್ಕೊಂಡೆ,” ಎಂದಳು.

ಶುಕ್ರವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಮೇಲ್ವಿಚಾರಕರು ಸಾವನ್ನು ಗೆದ್ದ ಬೆಕ್ಕಿನ ಕಥೆ ಹೇಳುತ್ತಿದ್ದರೆ ಎಲ್ಲರೂ ನಗುತ್ತಿದ್ದರು. ಮುಂದಿನ ಸಾಲಿನ ಅಜ್ಜ ಮಾತ್ರ ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಕೆಂಚನನ್ನು ಚೀಲದಲ್ಲಿ ಸುತ್ತಿದ ಕೈಗಳು. ಈಗ ಸುಮ್ಮನಿದ್ದರೆ ನಾಳೆ ಅದು ಅಚ್ಚಾಗುತ್ತದೆ; ಕೆಂಚ ಇದ್ದದ್ದೂ ಇಲ್ಲ, ಸತ್ತದ್ದೂ ಇಲ್ಲ ಎಂದಾಗುತ್ತದೆ. ಹೇಳಿದರೆ ಕಾಯಂ ಕೆಲಸದ ಆಸೆ ಬಿಡಬೇಕು.

“ಬರೆದಿದ್ದು ನಮ್ಮ ಈ ಹುಡುಗಿ. ಮಾತು ಕಡಿಮೆ, ನೀವೇ ಕೇಳಿ,” ಎಂದು ಮೇಲ್ವಿಚಾರಕರು ನನ್ನನ್ನು ಮುಂದೆ ದೂಡಿದರು.

ಪತ್ರಕರ್ತೆ ಪೆನ್ನು ಎತ್ತಿದಳು. “ಅಷ್ಟು ವರ್ಷ ಬದುಕಿದ್ದು ಹೇಗೆ?”

ಅಜ್ಜನ ಕೈಗಳತ್ತ ಒಮ್ಮೆ ನೋಡಿದೆ.

“ಯಾವುದೂ ಅಷ್ಟು ವರ್ಷ ಬದುಕಲಿಲ್ಲ,” ಎಂದೆ. “ಅವು ನಾಲ್ಕು ಬೆಕ್ಕು. ಅರ್ಧ ದಫ್ತರ ಓದಿ ಒಂದು ಅಂತ ಬರೆದವಳು ನಾನು.”